ಬಾಣಂತಿಯ ಕಣ್ಣೀರಿಗೆ ಮದ್ದೂ ಬೇಕು, ನ್ಯಾಯವೂ ಬೇಕು

(ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಗೆ ಮರುಹುಟ್ಟು ಪಡೆದು ಬಂದ ದೇಹಕ್ಕೆ ನಾವು ಏನೆಲ್ಲ ಆರೈಕೆ ಮಾಡುತ್ತೇವೆ! ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತೇವೆ. ಸಾಂಬ್ರಾಣಿ ಹೊಗೆ ಕೊಡುತ್ತೇವೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಗಾಳಿ ಸೋಕದಂತೆ ಕಾಯುತ್ತೇವೆ. ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನ ಉಂಡೆ ಎಂದು ಹೊಟ್ಟೆಗೂ ಲೆಕ್ಕ ಹಾಕಿ ಕೊಡುತ್ತೇವೆ. ಸೊಂಟ ನೋವಿದೆಯಾ ಎಂದು ಕೇಳುತ್ತೇವೆ, ಹಾಲು ಬರುತ್ತಿದೆಯಾ ಎಂದು ಕೇಳುತ್ತೇವೆ. "ನಿನ್ನ ಮನಸ್ಸು ಹೇಗಿದೆಯಮ್ಮ?" ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಇವತ್ತು ಮಾತಾಡಲು ಬಂದಿರುವುದು ಈ ಕೇಳದೆ ಉಳಿದ ಪ್ರಶ್ನೆಯ ಬಗ್ಗೆ.

ನಾನು ಡಾಕ್ಟರಲ್ಲ. ಮಹಿಳಾ ಸಹಾಯ ಕೇಂದ್ರವೊಂದರಲ್ಲಿ 16 ವರ್ಷದಿಂದ ಕೂತು, ವರದಕ್ಷಿಣೆಯ ಕಾಟ, ಹೊಡೆತ, ಬಡಿತ, ಮನೆಯಿಂದ ಹೊರಗೆ ಹಾಕಿದ್ದು ಎಂದು ಬರುವ ಹೆಂಗಸರ ಮಾತು ಕೇಳಿಸಿಕೊಳ್ಳುವವಳು. ಹೀಗೆ ಬರುವವರಲ್ಲಿ ಕಂಕುಳಲ್ಲಿ ಎಳೆಕೂಸು ಇರುವವರು ಬಹಳ. ಅವರಲ್ಲಿ ಕೆಲವರು ಮಾತೇ ಆಡುವುದಿಲ್ಲ. ಜೊತೆಗೆ ಬಂದ ತಾಯಿಯೋ ಅಣ್ಣನೋ ಮಾತಾಡುತ್ತಾರೆ. ಅವಳು ಗೋಡೆ ನೋಡುತ್ತಾ ಕೂತಿರುತ್ತಾಳೆ. ಕೂಸು ಅತ್ತರೆ ಎತ್ತಿಕೊಳ್ಳುತ್ತಾಳೆ, ಆದರೆ ಅದರ ಮುಖ ನೋಡುವುದಿಲ್ಲ. ಇಂಥವರನ್ನು ನೋಡಿದ ಮೇಲೆ, ಕಾನೂನಿನ ಜೊತೆಗೆ ಮನೋವೈದ್ಯರ ಬಾಗಿಲನ್ನೂ ತಟ್ಟಬೇಕೆಂದು ನಮಗೆ ತಿಳಿಯಿತು.

ಇದು ಸೋಮಾರಿತನ ಅಲ್ಲ, ಕಾಯಿಲೆ

ಮೊದಲು ಒಂದು ವ್ಯತ್ಯಾಸ ತಿಳಿಯೋಣ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಬಾಣಂತಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಹೀಗಾಗುತ್ತದೆ. ದೇಹದಲ್ಲಿ ಹಾರ್ಮೋನುಗಳು ಒಮ್ಮೆಲೆ ಇಳಿಯುತ್ತವೆ, ನಿದ್ದೆ ಕೆಟ್ಟಿರುತ್ತದೆ. ಎರಡು ವಾರದೊಳಗೆ ಇದು ತಾನಾಗಿ ಹೋಗುತ್ತದೆ. ಇದಕ್ಕೆ ಔಷಧಿ ಬೇಡ. ನಿದ್ದೆ, ಊಟ, ಒಂದು ಒಳ್ಳೆಯ ಮಾತು ಸಾಕು.

ಎರಡು ವಾರ ಕಳೆದರೂ ಹೋಗದೆ ಇದ್ದರೆ ಅದು ಬೇರೆ. ಅದನ್ನು ಡಾಕ್ಟರುಗಳು ಖಿನ್ನತೆ ಎನ್ನುತ್ತಾರೆ. ನಮ್ಮ ಹೆಂಗಸರು ಈ ಪದ ಬಳಸುವುದಿಲ್ಲ. "ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ" ಎನ್ನುತ್ತಾರೆ. "ಯಾವುದೂ ಬೇಡ ಅನ್ನಿಸ್ತದೆ" ಎನ್ನುತ್ತಾರೆ. ತಲೆನೋವು, ಕೈಕಾಲು ಸೆಳೆತ, ಉರಿ ಎನ್ನುತ್ತಾರೆ. ಕೂಸು ಮಲಗಿದಾಗಲೂ ಅವರಿಗೆ ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ತಲೆ ಬಾಚಿಕೊಳ್ಳುವುದಿಲ್ಲ. "ನಾನು ಒಳ್ಳೆ ತಾಯಿ ಅಲ್ಲ" ಎಂಬ ಯೋಚನೆ ಕೊರೆಯುತ್ತದೆ. ಕೆಲವರಿಗೆ ಕೂಸಿನ ಮೇಲೆ ಪ್ರೀತಿಯೇ ಹುಟ್ಟುವುದಿಲ್ಲ, ಕೆಲವರಿಗೆ ಕೂಸಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಇರುಳೂ ಹಗಲೂ ಕಾಡುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕೇಳಿ ಬೆಳೆದ ಹೆಣ್ಣು, ತನ್ನ ಕೂಸು ತನಗೇ ಮುದ್ದಾಗಲಿಲ್ಲ ಎಂದು ಯಾರ ಹತ್ತಿರ ಹೇಳಿಯಾಳು? ನುಂಗಿಕೊಂಡು ಕೂರುತ್ತಾಳೆ.

ಇನ್ನೊಂದು ಮಾತು. ಇದು ಬಾಣಂತನದಲ್ಲೇ ಶುರುವಾಗಬೇಕೆಂದಿಲ್ಲ. ಎಷ್ಟೋ ಸಲ ಬಸುರಿನಲ್ಲೇ ಶುರುವಾಗಿರುತ್ತದೆ. ಬಸುರಿ ಊಟ ಬಿಟ್ಟರೆ ಬಯಕೆಯ ಸಂಕಟ ಎನ್ನುತ್ತೇವೆ, ಮಲಗಿದರೆ ಆಯಾಸ ಎನ್ನುತ್ತೇವೆ, ಅತ್ತರೆ ತವರಿನ ನೆನಪು ಎನ್ನುತ್ತೇವೆ. ಹೀಗೆ ಒಂಬತ್ತು ತಿಂಗಳೂ ಕಾಯಿಲೆ ಮುಚ್ಚಿಹೋಗುತ್ತದೆ. ಗರ್ಭ ಇಳಿದುಹೋದವಳು, ಸತ್ತ ಕೂಸನ್ನು ಹೆತ್ತವಳು, ಇವರಿಗೂ ಖಿನ್ನತೆ ಬರುತ್ತದೆ. ಅವರ ಮನೆಗಂತೂ ನಾವು ಹೋಗುವುದೇ ಕಡಿಮೆ.

ಎಷ್ಟು ಜನಕ್ಕೆ ಹೀಗಾಗುತ್ತದೆ? ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. 20,000ಕ್ಕೂ ಹೆಚ್ಚು ತಾಯಂದಿರ ಲೆಕ್ಕ ಅದು. 100 ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಖಿನ್ನತೆ ಇತ್ತು. ಅಂದರೆ ಐದು ಜನರಲ್ಲಿ ಒಬ್ಬಳು. ಈ ಸಭೆಯಲ್ಲಿ ಕೂತಿರುವ ನಿಮ್ಮಲ್ಲೇ ಎಷ್ಟು ಮಂದಿ ಅದನ್ನು ದಾಟಿ ಬಂದಿದ್ದೀರೋ! ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇದನ್ನು ಹೇಳಿದಾಗೆಲ್ಲ ಹಿರಿಯ ಹೆಂಗಸರೊಬ್ಬರು ಎದ್ದು ಕೇಳುವುದುಂಟು: "ನಾವೂ ಆರೇಳು ಹೆತ್ತಿದ್ದೀವಿ, ನಮಗೇನು ಇಂಥ ಕಾಯಿಲೆ ಬಂದಿತ್ತಾ?" ನಾನು ಅವರಿಗೆ ಮರುಪ್ರಶ್ನೆ ಹಾಕುತ್ತೇನೆ. "ಅಮ್ಮಾ, ನಿಮ್ಮ ಊರಲ್ಲಿ ಬಾಣಂತಿ ಸನ್ನಿ ಆಯಿತು, ಗಾಳಿ ಸೋಕಿತು, ಮೆಟ್ಟಿಕೊಂಡಿತು ಅಂತ ಯಾರನ್ನಾದರೂ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿರಲಿಲ್ಲವೇ?" ಎಂದು. ಆಗ ಒಂದೊಂದೇ ಹೆಸರು ಹೊರಗೆ ಬರುತ್ತದೆ. ಕಾಯಿಲೆ ಆಗಲೂ ಇತ್ತು. ಅದಕ್ಕೆ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದೆವು.

ಕಾಟಕ್ಕೂ ಕಾಯಿಲೆಗೂ ಇರುವ ನಂಟು

ಹಾರ್ಮೋನು, ನಿದ್ದೆ, ರಕ್ತಹೀನತೆ, ಥೈರಾಯ್ಡ್, ಇವೆಲ್ಲ ಕಾರಣಗಳೇ. ಹಿಂದೆ ಒಮ್ಮೆ ಖಿನ್ನತೆ ಬಂದಿದ್ದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಒಳ್ಳೆಯ ಗಂಡ, ಒಳ್ಳೆಯ ಅತ್ತೆ ಇರುವ ಮನೆಯಲ್ಲೂ ಇದು ಬರಬಹುದು. ಹಾಗಾಗಿ ಖಿನ್ನತೆ ಬಂದಿದೆ ಎಂದ ಕೂಡಲೆ ಆ ಮನೆಯವರೆಲ್ಲ ಕೆಟ್ಟವರು ಎಂದು ತೀರ್ಮಾನ ಮಾಡಬೇಡಿ. ಆದರೆ ನಮ್ಮ ಸಮಾಜದಲ್ಲಿ ಹೆಣ್ಣಿನ ಮೇಲೆ ನಡೆಯುವ ಕಾಟ ಇದಕ್ಕೆ ದೊಡ್ಡ ಕಾರಣ ಎನ್ನುವುದಕ್ಕೆ ಪುರಾವೆ ಇದೆ. ಗೋವಾದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100ಕ್ಕೆ 23 ತಾಯಂದಿರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ದಂಪತಿಗಳ ನಡುವಿನ ವಿರಸ, ಇವೇ ಮುಖ್ಯ ಕಾರಣಗಳಾಗಿ ಕಂಡವು. ಹೊಡೆತ, ಹಸಿವು ತಾಯಿಯ ಮನಸ್ಸಿನ ಮೇಲೆ ಎಷ್ಟು ಪೆಟ್ಟು ಕೊಡುತ್ತವೆ ಎನ್ನುವುದು, ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದರ ಮೇಲೂ ನಿಂತಿತ್ತು. ಅದೇ ವರ್ಷ ಪ್ರಕಟವಾದ ತಮಿಳುನಾಡಿನ ಹಳ್ಳಿಗಳ ಅಧ್ಯಯನದಲ್ಲೂ ಗಂಡು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು, ಅತ್ತೆಯ ಜೊತೆಗಿನ ಜಗಳ, ಕೈಗೆ ನೆರವಿಲ್ಲದಿರುವುದು ಕಾರಣಗಳ ಪಟ್ಟಿಯಲ್ಲಿದ್ದವು.

ನಮ್ಮ ಕಡೆ ಇದಕ್ಕೆ ಇನ್ನೊಂದು ರೂಪವಿದೆ. ಚೊಚ್ಚಲು ಹೆರಿಗೆ ತವರಿನಲ್ಲಿ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಹೊಡೆಯುವ ಗಂಡ ದೂರ ಇದ್ದಾನಲ್ಲ, ಈಗ ಅವಳು ನೆಮ್ಮದಿಯಾಗಿದ್ದಾಳೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ವರದಕ್ಷಿಣೆ ಮದುವೆಯ ದಿನಕ್ಕೆ ಮುಗಿಯುತ್ತದೆಯೇ? ಸೀಮಂತಕ್ಕೆ ಸೀರೆ, ತೊಟ್ಟಿಲಿಗೆ ಬೆಳ್ಳಿ, ಅಳಿಯನಿಗೆ ಉಂಗುರ, ಆಮೇಲೆ ಬೈಕು. ಕೂಸು ಹೆಣ್ಣಾದರೆ ಗಂಡನ ಮನೆಯವರು ನೋಡಲು ಬರುವುದಿಲ್ಲ. ನಾಮಕರಣಕ್ಕೆ ಬರುವುದಿಲ್ಲ. ಫೋನು ಎತ್ತುವುದಿಲ್ಲ. "ಕೊಡೋದು ಕೊಟ್ಟು ಕಳಿಸಿ" ಎಂದು ಮೂರನೆಯವರ ಕೈಲಿ ಹೇಳಿ ಕಳಿಸುತ್ತಾರೆ. ಇತ್ತ ತವರಿನಲ್ಲಿ ಅಪ್ಪ ಸಾಲ ಹುಡುಕುತ್ತಿರುತ್ತಾನೆ, ಅತ್ತಿಗೆಯ ಮುಖ ದಪ್ಪಗಾಗುತ್ತಿರುತ್ತದೆ. ನಡುವೆ ಕೂತ ಬಾಣಂತಿ ತನ್ನನ್ನೂ ತನ್ನ ಕೂಸನ್ನೂ ಹೊರೆ ಎಂದು ಎಣಿಸತೊಡಗುತ್ತಾಳೆ. ಯಾರೂ ಕೈ ಎತ್ತಲಿಲ್ಲ, ಆದರೂ ಇದು ದೌರ್ಜನ್ಯವೇ. ಗಂಡನ ಮನೆಗೆ ಕಳಿಸುವ ದಿನ ಹತ್ತಿರ ಬಂದ ಹಾಗೆ ಅವಳ ನಿದ್ದೆ ಹಾರಿಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ದಿನಗಳಲ್ಲಿ ಅವಳ ಮೇಲೆ ಕಣ್ಣಿಡಿ.

ಹೆಣ್ಣು ಹೆತ್ತಳು ಎಂದು ಹಂಗಿಸುವವರಿಗೆ ಎರಡು ಮಾತು ಹೇಳಿ. ಒಂದು, ಕೂಸು ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ತಂದೆಯ ಬೀಜದಿಂದ, ತಾಯಿಯಿಂದಲ್ಲ. ಎರಡು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಮಕ್ಕಳಾಗಲಿಲ್ಲ ಅಥವಾ ಗಂಡು ಮಗು ಆಗಲಿಲ್ಲ ಎಂದು ಹಂಗಿಸುವುದನ್ನು ಹೆಸರಿಟ್ಟು ದೌರ್ಜನ್ಯ ಎಂದು ಬರೆದಿದೆ.

ಗುಳಿಗೆ ಕೊಟ್ಟು ಬಾಯಿ ಮುಚ್ಚಿಸುವುದೇ?

ಚಳವಳಿಯ ಗೆಳತಿಯರೇ ಕೆಲವರು ನನ್ನನ್ನು ಕೇಳಿದ್ದಾರೆ: "ಹೊಡೆದವನು ಆರಾಮಾಗಿ ತಿರುಗಾಡ್ತಾನೆ, ಹೊಡೆಸಿಕೊಂಡವಳು ಗುಳಿಗೆ ನುಂಗಬೇಕಾ? ಅನ್ಯಾಯಕ್ಕೆ ಕಾಯಿಲೆ ಅಂತ ಹೆಸರು ಕೊಟ್ಟರೆ ಅನ್ಯಾಯ ಮರೆಯಾಗಲ್ವಾ?" ಈ ಪ್ರಶ್ನೆಯಲ್ಲಿ ಹುರುಳಿದೆ. ಹೊಸ ಸೊಸೆ ಸತ್ತಾಗ "ಹೊಟ್ಟೆನೋವು ತಾಳಲಾರದೆ" ಎಂದು ಪತ್ರಿಕೆಯಲ್ಲಿ ಬರುತ್ತಿದ್ದುದನ್ನು ನಾವು ಮರೆತಿಲ್ಲ. ಹೊಟ್ಟೆನೋವಿನ ಜಾಗಕ್ಕೆ ಈಗ "ಮಾನಸಿಕ ಅಸ್ವಸ್ಥೆ" ಎಂಬ ಮಾತು ಬಂದು ಕೂತರೆ ನಮಗೆ ಲಾಭವೇನು?

ಆದರೂ ನಾನು ಚಿಕಿತ್ಸೆ ಬೇಕೇ ಬೇಕು ಎನ್ನುತ್ತೇನೆ. ಏಕೆಂದು ಹೇಳುತ್ತೇನೆ. ಹೆಣ್ಣು ಕೂಸು ಹೆತ್ತು ನಾಲ್ಕು ತಿಂಗಳಿಂದ ತವರಿನಲ್ಲಿದ್ದ ಒಬ್ಬ ಹುಡುಗಿಯನ್ನು ಅವಳ ಅಪ್ಪ ನಮ್ಮಲ್ಲಿಗೆ ಕರೆತಂದಿದ್ದರು. ಗಂಡನ ಮನೆಯವರು ದುಡ್ಡು ಕೇಳುತ್ತಿದ್ದರು. ಅಪ್ಪ ಕೇಸು ಹಾಕೋಣ ಎನ್ನುತ್ತಾರೆ, ಅಣ್ಣ ರಾಜಿ ಎನ್ನುತ್ತಾನೆ, ಅಮ್ಮ ಸುಮ್ಮನೆ ಕಳಿಸಿಬಿಡೋಣ ಎನ್ನುತ್ತಾರೆ. "ನಿನಗೇನು ಬೇಕು?" ಎಂದು ಅವಳನ್ನು ಕೇಳಿದರೆ, "ನೀವು ಏನು ಹೇಳಿದರೆ ಅದು" ಎಂದಳು. ಮೂರು ಸಲ ಕೇಳಿದಾಗಲೂ ಅದೇ ಉತ್ತರ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿ ಕೇಳಿದಾಗ, "ನಾನು ಇಲ್ಲದಿದ್ದರೆ ಎಲ್ಲರಿಗೂ ಅನುಕೂಲ" ಎಂದಳು. ಅವತ್ತೇ ಅವಳನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಾತಿನ ಚಿಕಿತ್ಸೆ, ಗುಳಿಗೆ ಎರಡೂ ಶುರುವಾದವು. ರಾತ್ರಿ ಒಂದು ಹೊತ್ತು ಕೂಸನ್ನು ಅಜ್ಜಿ ನೋಡಿಕೊಳ್ಳುವ ಏರ್ಪಾಡಾಯಿತು. ಎರಡು ತಿಂಗಳಾದ ಮೇಲೆ ಅವಳೇ ನಮ್ಮ ಕೇಂದ್ರದ ಮೆಟ್ಟಿಲು ಹತ್ತಿ ಬಂದು, "ಮೇಡಂ, ನಾನು ಆ ಮನೆಗೆ ದುಡ್ಡು ಕೊಟ್ಟು ಹೋಗಲ್ಲ. ಕೂಸಿನ ಖರ್ಚಿಗೆ ಅರ್ಜಿ ಬರೆಸಿ" ಎಂದಳು.

ನೋಡಿ, ಗುಳಿಗೆ ಅವಳ ಬಾಯಿ ಮುಚ್ಚಿಸಲಿಲ್ಲ. ಕಾಯಿಲೆ ಮುಚ್ಚಿಸಿದ್ದ ಬಾಯಿಯನ್ನು ಚಿಕಿತ್ಸೆ ತೆರೆಸಿತು. ಕಾಲು ಮುರಿದವಳಿಗೆ ಹೋರಾಟ ಮಾಡು ಎಂದರೆ ಮೊದಲು ಕಾಲಿಗೆ ಪಟ್ಟಿ ಕಟ್ಟಬೇಡವೇ? ಹಾಗೆಯೇ, ಬರೀ ಚಿಕಿತ್ಸೆ ಕೊಡಿಸಿ ಅವಳನ್ನು ಅದೇ ಹೊಡೆತದ ಮನೆಗೆ ಕಳಿಸಿದರೆ ಪಟ್ಟಿ ಕಟ್ಟಿದ ಕಾಲನ್ನು ಮತ್ತೆ ಮುರಿದಂತೆ. ಮದ್ದಿಗೆ ನ್ಯಾಯ ಬದಲಿಯಲ್ಲ, ನ್ಯಾಯಕ್ಕೆ ಮದ್ದು ಬದಲಿಯಲ್ಲ.

ಚಿಕಿತ್ಸೆ ಎಂದರೆ ಏನು?

ಕಾಯಿಲೆ ಹಗುರವಾಗಿದ್ದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ತರಬೇತಿ ಪಡೆದವರು ವಾರವಾರ ಕೂರಿಸಿಕೊಂಡು ಮಾತಾಡುತ್ತಾರೆ. "ನಾನು ಕೆಟ್ಟ ತಾಯಿ" ಎಂಬ ಯೋಚನೆ ಎಲ್ಲಿಂದ ಬಂತು, ಅದು ನಿಜವೇ ಎಂದು ಬಿಡಿಸಿ ನೋಡಲು ಕಲಿಸುತ್ತಾರೆ. ಇವತ್ತು ಅಂಗಳದವರೆಗೆ ನಡೆ, ನಾಳೆ ಪಕ್ಕದ ಮನೆಯವರೆಗೆ ಎಂದು ಸಣ್ಣ ಸಣ್ಣ ಹೆಜ್ಜೆ ಇಡಿಸುತ್ತಾರೆ. ಇದಕ್ಕೆ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ಇದನ್ನು ಕಲಿಸಿ ಬಸುರಿಯರ ಮನೆಗೆ ಕಳಿಸಿದರು. 2008ರಲ್ಲಿ ಅದರ ಫಲ ಪ್ರಕಟವಾಯಿತು. ಹೆರಿಗೆಯಾಗಿ ಆರು ತಿಂಗಳಿಗೆ, ಈ ಮಾತುಕತೆ ಸಿಗದವರಲ್ಲಿ 100ಕ್ಕೆ 53 ಮಂದಿ ಇನ್ನೂ ಖಿನ್ನತೆಯಲ್ಲಿದ್ದರು, ಸಿಕ್ಕವರಲ್ಲಿ 23 ಮಂದಿ ಮಾತ್ರ. ಗೋವಾದಲ್ಲಿ ಇದನ್ನೇ ಅಕ್ಕಪಕ್ಕದ ಸಾಮಾನ್ಯ ಹೆಂಗಸರಿಗೆ ಕಲಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲೂ ಗುಣವಾದವರ ಸಂಖ್ಯೆ ಹೆಚ್ಚಿತು.

ಕಾಯಿಲೆ ಜೋರಾಗಿದ್ದರೆ ಗುಳಿಗೆ ಬೇಕಾಗುತ್ತದೆ. "ಬಸುರಿ ಗುಳಿಗೆ ತಗೋಬಾರದು, ಹಾಲು ಕುಡಿಸುವವಳು ತಗೋಬಾರದು" ಎಂಬ ಮಾತು ಎಲ್ಲ ಕಡೆ ಇದೆ. ಎಲ್ಲ ಗುಳಿಗೆಗೂ ಇದು ಸತ್ಯವಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳನ್ನು ಬಸುರಿನಲ್ಲೂ ಹಾಲೂಡಿಸುವಾಗಲೂ ಕೊಡುತ್ತಾರೆ. ಸರ್ಟ್ರಾಲಿನ್ ಎಂಬ ಔಷಧಿ ತಾಯಿಯ ಹಾಲಿಗೆ ಸೇರುವುದು ತೀರಾ ಕಡಿಮೆ, ಹಾಗಾಗಿ ಹಾಲೂಡಿಸುವವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಅದನ್ನು ಆರಿಸುತ್ತಾರೆ. ಯಾವುದೇ ಔಷಧಿಗೆ ಸ್ವಲ್ಪ ಅಪಾಯ ಇದ್ದೇ ಇದೆ. ಆದರೆ ಚಿಕಿತ್ಸೆ ಇಲ್ಲದ ಖಿನ್ನತೆಗೂ ಅಪಾಯವಿದೆ. ಬಸುರಿ ಉಣ್ಣುವುದಿಲ್ಲ, ತಪಾಸಣೆಗೆ ಹೋಗುವುದಿಲ್ಲ, ದಿನ ತುಂಬುವ ಮುಂಚೆ ಹೆರಿಗೆಯಾಗುವ, ಕೂಸಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ. ಎರಡನ್ನೂ ತೂಗಿ ನೋಡಿ ಡಾಕ್ಟರು ತೀರ್ಮಾನ ಮಾಡುತ್ತಾರೆ.

ಗುಳಿಗೆಯ ಬಗ್ಗೆ ನಾಲ್ಕು ಮಾತು ನೆನಪಿಡಿ.

ಒಂದು, ತಲೆನೋವಿನ ಗುಳಿಗೆಯ ಹಾಗೆ ಇದು ಒಂದು ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡು ಮೂರು ವಾರಕ್ಕೆ ಗುಣ ಕಾಣಲು ಶುರುವಾಗುತ್ತದೆ, ಪೂರ್ತಿ ಫಲಕ್ಕೆ ಇನ್ನೂ ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಬಿಡಬೇಡಿ.

ಎರಡು, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಬಿಡುವಾಗ ಡಾಕ್ಟರು ಹೇಳಿದಂತೆ ನಿಧಾನವಾಗಿ ಬಿಡಬೇಕು. ಬಸುರಿ ಎಂದು ಗೊತ್ತಾದ ಕೂಡಲೆ ಹೆದರಿ ತಾನೇ ನಿಲ್ಲಿಸುವುದು ತಪ್ಪು. ಮೊದಲು ಡಾಕ್ಟರನ್ನು ಕಾಣಬೇಕು.

ಮೂರು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿದ್ದೆ ಗುಳಿಗೆ ಬೇರೆ, ಇದು ಬೇರೆ. ನಿದ್ದೆ ಗುಳಿಗೆ ಚಟವಾಗುತ್ತದೆ, ಹಾಲು ಕುಡಿಯುವ ಕೂಸಿಗೂ ಮಂಪರು ಬರಬಹುದು.

ನಾಲ್ಕು, ಮೂರ್ಛೆರೋಗಕ್ಕೆ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಮೊದಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ವಾಲ್‌ಪ್ರೊಯೇಟ್ ಎಂಬ ಔಷಧಿ ಹೊಟ್ಟೆಯಲ್ಲಿರುವ ಕೂಸಿಗೆ ಅಂಗವೈಕಲ್ಯ ತರಬಹುದು. ಬಸುರಾಗುವ ಯೋಚನೆ ಇದ್ದಾಗಲೇ ಕೇಳಿ ಬದಲಿಸಿಕೊಳ್ಳಬೇಕು. ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪು, ಅತಿ ಮಾತು ಬಂದಿದ್ದರೆ ಅದನ್ನೂ ಹೇಳಬೇಕು, ಅವರಿಗೆ ಕೊಡುವ ಔಷಧಿಯೇ ಬೇರೆ.

ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಹೀಗೇ ಸುಸ್ತು, ಬೇಸರ ಬರುತ್ತದೆ.

ಸನ್ನಿ ಎಂದು ಕೂರಬೇಡಿ

ಇನ್ನೊಂದು ಕಾಯಿಲೆ ಇದೆ. ಅದು 1000 ಹೆರಿಗೆಗೆ ಒಬ್ಬರು ಇಬ್ಬರಿಗೆ ಬರುತ್ತದೆ. ಹೆರಿಗೆಯಾದ ಎರಡು ವಾರದೊಳಗೆ ಒಮ್ಮೆಲೆ ಶುರುವಾಗುತ್ತದೆ. ದಿನಗಟ್ಟಲೆ ನಿದ್ದೆಯೇ ಇಲ್ಲ, ಅರ್ಥವಿಲ್ಲದ ಮಾತು, ಯಾರೋ ವಿಷ ಹಾಕುತ್ತಾರೆಂಬ ಸಂಶಯ, ಕೂಸು ತನ್ನದಲ್ಲ, ದೇವರು, ದೆವ್ವ ಎನ್ನುವುದು, ಇಲ್ಲದ ದನಿ ಕೇಳಿಸುವುದು. ಇದನ್ನೇ ನಮ್ಮವರು ಬಾಣಂತಿ ಸನ್ನಿ ಎನ್ನುವುದು. ಇದು ಗಾಳಿಯಲ್ಲ, ತಣ್ಣೀರು ಮುಟ್ಟಿದ್ದರಿಂದ ಬಂದಿದ್ದಲ್ಲ. ಪೂಜಾರಿಯ ಹತ್ತಿರ ಹೋಗಿ ಮೂರು ದಿನ ಕಳೆಯುವ ಕಾಯಿಲೆಯೂ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರವೂ ಇದ್ದರೆ ನಂಜು ಏರಿರಬಹುದು, ಅದೂ ಪ್ರಾಣಕ್ಕೆ ಅಪಾಯ. ಆಸ್ಪತ್ರೆ ಸೇರುವವರೆಗೆ ತಾಯಿಯ ಜೊತೆ ಒಬ್ಬರು ಇರಲೇಬೇಕು, ಕೂಸನ್ನು ಅವಳೊಬ್ಬಳ ಬಳಿ ಬಿಡಬಾರದು. ಬೈಯುವುದು, ಕಟ್ಟಿಹಾಕುವುದು ಬೇಡ. ಚಿಕಿತ್ಸೆ ಸಿಕ್ಕರೆ ಇಂಥವರು ಚೆನ್ನಾಗಿ ಗುಣವಾಗುತ್ತಾರೆ.

ಆಸ್ಪತ್ರೆಗೆ ಸೇರಿಸಿದರೆ ಕೂಸಿನ ಗತಿ ಏನು ಎಂದು ಹೆದರುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಶುರುವಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎನ್ನುತ್ತದೆ. ಅವಳಿಂದ ಮಗುವಿಗೆ ಅಪಾಯವಿದ್ದರೆ, ಅಥವಾ ಮಗುವಿನ ಹಿತಕ್ಕೆ, ಸುರಕ್ಷತೆಗೆ ಬೇಕೆಂದರೆ ಮಾತ್ರ, ಅದೂ ಸ್ವಲ್ಪ ಕಾಲ ಬೇರೆ ಇಡಬಹುದು.

"ಹುಚ್ಚಿ" ಎಂಬ ಹಣೆಪಟ್ಟಿ

ಈಗ ನೀವೆಲ್ಲ ಮನಸ್ಸಿನಲ್ಲೇ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇನೆ. ಮನೋವೈದ್ಯರ ಚೀಟಿ ಗಂಡನ ಮನೆಯವರ ಕೈಗೆ ಸಿಕ್ಕರೆ? "ಇವಳು ಹುಚ್ಚಿ" ಎಂದು ಬಿಟ್ಟುಬಿಟ್ಟರೆ? ಇದು ಹುಸಿ ಭಯವಲ್ಲ. ಒಬ್ಬಾಕೆಯ ಔಷಧಿ ಚೀಟಿಯ ಫೋಟೊ ತೆಗೆದು, ಅದನ್ನೇ ಲಗತ್ತಿಸಿ ವಿಚ್ಛೇದನದ ನೋಟೀಸು ಕಳಿಸಿದ್ದನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ ಎಂದು ಬರೆದಿರುವುದು ನಿಜ. ಆದರೆ ಕಾಯಿಲೆಯ ಹೆಸರು ಹೇಳಿದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ. ಜೊತೆಗೆ ಬಾಳುವುದೇ ಸಾಧ್ಯವಿಲ್ಲ ಎನ್ನುವಷ್ಟು ತೀವ್ರವಾಗಿದೆ ಎಂದು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಬಾಣಂತನದ ಖಿನ್ನತೆ ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಡಾಕ್ಟರು ನಿಮ್ಮ ಕಾಯಿಲೆಯ ವಿಷಯವನ್ನು ಗುಟ್ಟಾಗಿ ಇಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಸಾಯಲು ಪ್ರಯತ್ನಿಸಿದವಳ ಮೇಲೆ ಕೇಸು ಹಾಕಿ ಹೆದರಿಸುವ ಕಾಲವೂ ಮುಗಿಯಿತು. ಅವಳು ತೀವ್ರ ಒತ್ತಡದಲ್ಲಿದ್ದಳು ಎಂದೇ ಭಾವಿಸಬೇಕು, ಅವಳಿಗೆ ಆರೈಕೆ ಕೊಡಬೇಕು ಎಂದು ಅದೇ ಕಾಯ್ದೆಯಲ್ಲಿದೆ.

ಇನ್ನೂ ಒಂದು ಮುಖ್ಯ ವಿಷಯ. ನಾವು 498ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಬಂದಿದೆ. ಕ್ರೌರ್ಯ ಎಂದರೇನು ಎಂದು ಹೇಳುವಾಗ ಅಲ್ಲಿ ಹೆಣ್ಣಿನ ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಹೆಸರಿಸಿದೆ. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಬರೀ "ನಿದ್ದೆ ಬರಲ್ಲ" ಎನ್ನಬೇಡಿ. ಹೊಡೆದದ್ದು, ದುಡ್ಡು ಕೇಳಿದ್ದು, ಹಂಗಿಸಿದ್ದು ಎಲ್ಲ ಹೇಳಿ, ಅದನ್ನು ಬರೆದುಕೊಳ್ಳಲು ಕೇಳಿಕೊಳ್ಳಿ. ನೋಟೀಸು ಬಂದಿದ್ದ ಆ ಹೆಣ್ಣುಮಗಳ ವಿಷಯದಲ್ಲಿ ಹೀಗೇ ಆಯಿತು. ಗಂಡ ತೋರಿಸಿದ ಚೀಟಿಯ ಹಿಂದಿನ ಆಸ್ಪತ್ರೆ ದಾಖಲೆಯಲ್ಲಿ ಅವಳು ಹೇಳಿದ ಹೊಡೆತದ ವಿವರ, ತಾರೀಕು ಎಲ್ಲ ಇತ್ತು. ಅವಳನ್ನು ಹೆದರಿಸಲು ತಂದ ಕಾಗದ ಅವಳ ಕಡೆಯ ಸಾಕ್ಷಿಯಾಯಿತು. ಚೀಟಿ, ದಾಖಲೆಗಳನ್ನು ಗಂಡನ ಮನೆಯ ಬೀರುವಿನಲ್ಲಿ ಇಡಬೇಡಿ. ತವರಿನಲ್ಲೋ, ನಂಬಿಕೆಯ ಗೆಳತಿಯ ಮನೆಯಲ್ಲೋ ಇಡಿ.

ಸಂಘ ಏನು ಮಾಡಬಹುದು?

ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕಜುಟ್ ಎಂಬ ಸಂಸ್ಥೆ ನಿಮ್ಮಂಥ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿ, ಬಸುರಿ, ಬಾಣಂತಿ, ಕೂಸಿನ ಕಷ್ಟಗಳ ಬಗ್ಗೆ ಮಾತಾಡಿಸಿ, ತಾವೇ ಪರಿಹಾರ ಹುಡುಕುವಂತೆ ಮಾಡಿತು. 2005ರಿಂದ 2008ರವರೆಗೆ ನಡೆದ ಈ ಕೆಲಸದ ಫಲ 2010ರಲ್ಲಿ ಪ್ರಕಟವಾಯಿತು. ಕೊನೆಯ ಎರಡು ವರ್ಷಗಳಲ್ಲಿ ಎಳೆಕೂಸುಗಳ ಸಾವು 100ಕ್ಕೆ 45ರಷ್ಟು ಕಡಿಮೆಯಿತ್ತು. ತಾಯಂದಿರ ಖಿನ್ನತೆಯ ಮೇಲೆ ಮೊದಮೊದಲು ಪರಿಣಾಮ ಕಾಣಲಿಲ್ಲ. ಮೂರನೆಯ ವರ್ಷದಲ್ಲಿ ಮಧ್ಯಮ ಮಟ್ಟದ ಖಿನ್ನತೆ 100ಕ್ಕೆ 57ರಷ್ಟು ಇಳಿಯಿತು. ಅಲ್ಲಿ ಯಾರೂ ಗುಳಿಗೆ ಹಂಚಲಿಲ್ಲ. ಹೆಂಗಸರು ಸೇರಿದರು, ಮಾತಾಡಿದರು, ಒಬ್ಬರ ಮನೆಗೆ ಒಬ್ಬರು ಹೋದರು. ಫಲ ಕಾಣಲು ಮೂರು ವರ್ಷ ಹಿಡಿಯಿತು, ಅದನ್ನೂ ನೆನಪಿಡಿ.

ಹಾಗಾದರೆ ನಮ್ಮ ಸಂಘಗಳಲ್ಲಿ ಹೀಗೆ ಮಾಡೋಣ.

ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಬರೆದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮ ಕೇರಿಯಲ್ಲಿ ಬಸುರಿ, ಬಾಣಂತಿ ಯಾರಿದ್ದಾರೆ, ಈ ವಾರ ಯಾರು ಹೋಗಿ ನೋಡಿದಿರಿ? ತವರಿಗೆ ಬಂದ ಹುಡುಗಿಯರು ಸಂಘದ ಸದಸ್ಯರಲ್ಲದಿದ್ದರೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೋದಾಗ ಕೂಸನ್ನು ಮಾತ್ರ ನೋಡಿ ಬರಬೇಡಿ. ಅತ್ತೆ, ಗಂಡ, ತಾಯಿ ಯಾರೂ ಇಲ್ಲದಾಗ ಎರಡು ಮಾತು ಕೇಳಿ. ಈಚೆಗೆ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲವೇ? ಹೌದು ಎಂದರೆ ಮುಂದೆ ಕೇಳಿ. "ಸತ್ತರೆ ಸಾಕು ಅನ್ನಿಸ್ತದಾ?" ಎಂದೂ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಬರುವುದಿಲ್ಲ, ಇರುವ ಯೋಚನೆಯ ಭಾರ ಇಳಿಯುತ್ತದೆ. "ಹೊಡೀತಾರಾ?" ಎಂದೂ ಕೇಳಿ. ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಬಾಣಂತಿಯ ಮನೆಗೆ 42 ದಿನದೊಳಗೆ ಆರು ಸಲ ಹೋಗುತ್ತಾರೆ. ಅವರ ಜೊತೆ ಹೋಗಿ. ಆಸ್ಪತ್ರೆಗಳಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿಯಿಂದ ಇದನ್ನು ಅಳೆಯುತ್ತಾರೆ. 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ ಆ ಪಟ್ಟಿ ಕನ್ನಡದಲ್ಲೂ ಇದೆ.

ಬುದ್ಧಿವಾದ ಬೇಡ. "ಕೂಸಿನ ಮುಖ ನೋಡಿಕೊಂಡು ಧೈರ್ಯ ತಗೋ" ಎನ್ನಬೇಡಿ. ಎರಡು ಗಂಟೆ ಕೂಸನ್ನು ಎತ್ತಿಕೊಂಡು, "ನೀನು ಮಲಗು" ಎನ್ನಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬಸ್ಸು ಹತ್ತಿ. ಒಬ್ಬಳೇ ಹೋಗೆಂದರೆ ಅವಳು ಹೋಗುವುದಿಲ್ಲ. ಬಸ್ ಚಾರ್ಜಿಗೆ, ಔಷಧಿಗೆ ಸಂಘದ ಉಳಿತಾಯದಿಂದ ತುರ್ತು ಹಣ ಕೊಡುವ ಠರಾವು ಮಾಡಿಕೊಳ್ಳಿ. ಬಾಣಂತಿಯ ಸಾಲದ ಕಂತಿಗೆ ಮೂರು ತಿಂಗಳು ಬಿಡುವು ಕೊಡುವ ಠರಾವನ್ನೂ ಮಾಡಿ. ಕಂತು ಕೇಳಲು ಬಾಗಿಲಿಗೆ ಬರುವ ಸಂಘಕ್ಕೆ ಅವಳು ಮನಸ್ಸಿನ ಮಾತು ಹೇಳುವುದಿಲ್ಲ.

ಕೆಲವು ನಂಬರುಗಳನ್ನು ಲೆಕ್ಕದ ಪುಸ್ತಕದ ಮೇಲೆ ಬರೆದಿಡಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ದೌರ್ಜನ್ಯಕ್ಕೆ ಮಹಿಳಾ ಸಹಾಯವಾಣಿ 181. ಪ್ರಾಣಕ್ಕೆ ಅಪಾಯವಿದ್ದರೆ 112. ಉಚಿತ ಕಾನೂನು ನೆರವಿಗೆ 15100. ಹೆಣ್ಣಿಗೆ ಈ ನೆರವು ಆದಾಯ ನೋಡದೆ ಸಿಗುತ್ತದೆ. ಕೌಟುಂಬಿಕ ದೌರ್ಜನ್ಯದ ದೂರಿಗೆ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ.

ಅಕ್ಕತಂಗಿಯರೆ, ನಾವು ಹೆಂಗಸರು ಒಬ್ಬರಿಗೊಬ್ಬರು ಸಾಲಕ್ಕೆ ಜಾಮೀನು ನಿಲ್ಲಲು ಕಲಿತೆವು. ಕಂತು ತಪ್ಪಿದರೆ ಅವಳ ಬದಲು ನಾವು ಕಟ್ಟುತ್ತೇವೆ ಎಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದೆವು. ಅದೇ ಧೈರ್ಯದಿಂದ ಮಂಕಾಗಿ ಕೂತ ಬಾಣಂತಿಯ ಅತ್ತೆಮಾವನ ಎದುರು, ಅವಳ ತಂದೆತಾಯಿಯ ಎದುರು ನಿಂತು ಹೇಳಿ: ಇವಳಿಗೆ ಕಾಯಿಲೆ ಇದೆ, ಗುಣವಾಗುತ್ತದೆ, ಅಲ್ಲಿಯವರೆಗೆ ಇವಳ ಜೊತೆ ನಾವಿದ್ದೇವೆ, ಆಮೇಲೆ ಇವಳು ಏನು ತೀರ್ಮಾನ ಮಾಡುತ್ತಾಳೋ ಅದಕ್ಕೂ ನಾವಿರುತ್ತೇವೆ.

ಈ ಸಭೆ ಮುಗಿದ ಮೇಲೆ ಯಾರಿಗಾದರೂ ಒಬ್ಬರ ಹೆಸರು ನೆನಪಿಗೆ ಬಂದಿದ್ದರೆ, ಮನೆಗೆ ಹೋಗುವ ದಾರಿಯಲ್ಲೇ ಅವಳನ್ನು ನೋಡಿಕೊಂಡು ಹೋಗಿ.